ಹಳೆಯ ಲಾರಿಯ ಸ್ಟೀರಿಂಗ್: ತಪಾಸಣೆ ನೆಲದಿಂದ ಶುರುವಾಗಲಿ



ಈ ಸಭೆಯ ಸಂಘಟಕರು ನನ್ನನ್ನು ಕರೆದಾಗ ಕೇಳಿದ್ದು ಆಶಯದ ಮಾತು. ನನ್ನ ಆಶಯವನ್ನು ಮೊದಲೇ ಹೇಳಿಬಿಡುತ್ತೇನೆ. 'ಪಂಪ್ ಬದಲಿಸಿ ನೋಡೋಣ' ಎಂಬ ಮಾತು ನಮ್ಮ ಗ್ಯಾರೇಜುಗಳಿಂದ ಹೋಗಬೇಕು. ಬಹಳ ವರ್ಷಗಳಿಂದ ಈ ಮಾತು ಹೇಳುತ್ತಾ ಬಂದಿದ್ದೇನೆ. ಇವತ್ತು ಮೇಸ್ತ್ರಿಗಳು, ಲಾರಿ ಮಾಲೀಕರು, ಚಾಲಕರು, ಅಧ್ಯಾಪಕರು, ವಿದ್ಯಾರ್ಥಿಗಳು ಇಷ್ಟು ಜನ ಒಂದೇ ಕಡೆ ಸಿಕ್ಕಿದ್ದೀರಿ, ಪೂರ್ತಿ ಹೇಳುತ್ತೇನೆ.

ಹದಿನೈದು ವರ್ಷ ಓಡಿದ ಲಾರಿಯೊಂದು ಬರುತ್ತದೆ. ಚಾಲಕ ಹೇಳುವುದು ಎರಡೇ ಪದ: 'ಸ್ಟೀರಿಂಗ್ ಗಟ್ಟಿ.' ನಾವು ಆಯಿಲ್ ಟ್ಯಾಂಕ್ ಮುಚ್ಚಳ ತೆಗೆಯುತ್ತೇವೆ, ಪಂಪಿನ ಸದ್ದು ಕೇಳುತ್ತೇವೆ, ಅದನ್ನು ಬಿಚ್ಚಿ ಬೇರೆಯದನ್ನು ಕೂರಿಸುತ್ತೇವೆ. ಸ್ಟೀರಿಂಗ್ ಹಗುರಾಗುತ್ತದೆ, ಮಾಲೀಕ ದುಡ್ಡು ಕೊಡುತ್ತಾನೆ, ಲಾರಿ ಹೋಗುತ್ತದೆ. ಕೆಲವು ತಿಂಗಳು ಕಳೆದ ಮೇಲೆ ಅದೇ ಲಾರಿ ಅದೇ ದೂರು ಹೊತ್ತು ಬರುತ್ತದೆ. ಆಗ 'ಪಂಪ್ ಡೂಪ್ಲಿಕೇಟ್ ಇರಬೇಕು' ಎನ್ನುತ್ತೇವೆ. ಮುಂದಿನ ಆಕ್ಸಲ್‌ನ ಕಿಂಗ್ ಪಿನ್, ಅಂದರೆ ಚಕ್ರ ಹೊರಳುವ ಕೀಲು, ಗ್ರೀಸು ಕಾಣದೆ ಕಚ್ಚಿಕೊಂಡಿದೆಯೇ ಎಂದು ಯಾರೂ ನೋಡಿರುವುದಿಲ್ಲ. ಹೊಸ ಪಂಪ್ ಆ ದೋಷವನ್ನು ಸರಿಪಡಿಸಿರಲಿಲ್ಲ. ತನ್ನ ಹೊಸ ಬಲದಿಂದ ಅದನ್ನು ಕೆಲವು ತಿಂಗಳು ಮುಚ್ಚಿಟ್ಟಿತ್ತು, ಅಷ್ಟೇ.

ನಮ್ಮ ವಿದ್ಯೆ ದಾರಿ ತಪ್ಪಿದ್ದು ಇಲ್ಲೇ ಎಂದು ನಾನು ನಂಬಿದ್ದೇನೆ. ಕೈಬಲದ ಸ್ಟೀರಿಂಗ್ ಇದ್ದ ಕಾಲದಲ್ಲಿ ಕಿಂಗ್ ಪಿನ್ ಒಣಗಿದರೆ ಅದೇ ಸಂಜೆ ಚಾಲಕನ ಭುಜಕ್ಕೆ ಗೊತ್ತಾಗುತ್ತಿತ್ತು. ಈ ಸಭೆಯಲ್ಲಿರುವ ಹಿರಿಯ ಚಾಲಕರಿಗೆ ಆ ನೋವು ಇನ್ನೂ ನೆನಪಿರುತ್ತದೆ, ಅವರ ಎದುರು ನಿಂತು ಈ ಮಾತು ಹೇಳುವುದು ನನಗೆ ಗೌರವದ ವಿಷಯ. ಹೈಡ್ರಾಲಿಕ್ ಬಂದಮೇಲೆ ಆ ನೋವನ್ನು ಆಯಿಲ್ ಹೊತ್ತುಕೊಂಡಿತು. ಒಳ್ಳೆಯದೇ ಆಯಿತು. ಆದರೆ ನೋವಿನ ಜೊತೆಗೆ ಸುದ್ದಿಯೂ ನಿಂತುಹೋಯಿತು.

ಪವರ್ ಸ್ಟೀರಿಂಗ್ ಹುಟ್ಟಿದ್ದೇ ಲಾರಿಯ ಕಷ್ಟದಿಂದ. ಅಮೆರಿಕದ ಪಿಯರ್ಸ್ ಆರೋ ಕಂಪನಿಯ ಟ್ರಕ್ ವಿಭಾಗದಲ್ಲಿ ಎಂಜಿನಿಯರ್ ಆಗಿದ್ದ ಫ್ರಾನ್ಸಿಸ್ ಡೇವಿಸ್ ಭಾರಿ ವಾಹನ ತಿರುಗಿಸುವ ಪಾಡನ್ನು ಕಣ್ಣಾರೆ ಕಂಡು, ಕೆಲಸ ಬಿಟ್ಟು, ಸ್ವಂತ ವರ್ಕ್‌ಶಾಪಿನಲ್ಲಿ ಕೂತು ಹೈಡ್ರಾಲಿಕ್ ವ್ಯವಸ್ಥೆ ಕಟ್ಟಿದರು. 1926ರಲ್ಲಿ ಅದನ್ನು ಕಾರಿಗೆ ಜೋಡಿಸಿ ತೋರಿಸಿದರೂ ಮಾರುಕಟ್ಟೆಯ ಕಾರಿನಲ್ಲಿ ಅಂಥದ್ದು ಬರಲು 1951ರವರೆಗೆ ಕಾಯಬೇಕಾಯಿತು. ಆ ವರ್ಷ ಕ್ರೈಸ್ಲರ್ ಅದನ್ನು ತಂದಿತು. ನಮ್ಮಲ್ಲಿ ಅಶೋಕ್ ಲೇಲ್ಯಾಂಡ್ 1960ರ ದಶಕದ ಕೊನೆಗೇ ಭಾರಿ ವಾಹನಗಳಿಗೆ ಪವರ್ ಸ್ಟೀರಿಂಗ್ ಕೊಟ್ಟಿತಾದರೂ ರಸ್ತೆಯ ಮೇಲಿನ ಹೆಚ್ಚಿನ ಲಾರಿಗಳಿಗೆ ಅದು ಸಿಕ್ಕಿದ್ದು ದಶಕಗಳ ನಂತರ. ಹಾಗಾಗಿ ನಮ್ಮ ಮೇಸ್ತ್ರಿಗಳು ಅದನ್ನು ಶಾಲೆಯಲ್ಲಿ ಕಲಿಯಲಿಲ್ಲ, ರಿಪೇರಿ ಮಾಡುತ್ತಲೇ ಕಲಿತರು. ಪಾಠ ಹೇಳಬೇಕಾದ ನಾವು ಹೈಡ್ರಾಲಿಕ್ಸ್ ಒಂದು ಪತ್ರಿಕೆ, ಆಕ್ಸಲ್ ಇನ್ನೊಂದು ಪತ್ರಿಕೆ ಎಂದು ಹಂಚಿಟ್ಟೆವು. ಲಾರಿಯಲ್ಲಿ ಅವೆರಡನ್ನೂ ಒಂದು ಡ್ರ್ಯಾಗ್ ಲಿಂಕ್ ಜೋಡಿಸಿದೆ. ಪಠ್ಯಕ್ರಮದಲ್ಲಿ ಆ ಲಿಂಕ್ ಇಲ್ಲ.

ವಿದ್ಯಾರ್ಥಿಗಳು ಒಂದು ಸಂಗತಿ ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಪಂಪ್ ಒತ್ತಡವನ್ನು ಹುಟ್ಟಿಸುವುದಿಲ್ಲ, ಹರಿವನ್ನು ಹುಟ್ಟಿಸುತ್ತದೆ. ಆ ಹರಿವಿಗೆ ಎದುರಾಗುವ ತಡೆಯಿಂದ ಒತ್ತಡ ಏರುತ್ತದೆ. ಚಕ್ರ ನೇರವಾಗಿದ್ದಾಗ ಆಯಿಲ್ ಸ್ಟೀರಿಂಗ್ ಬಾಕ್ಸ್ ಹೊಕ್ಕು ಸುಲಭವಾಗಿ ಟ್ಯಾಂಕಿಗೆ ಮರಳುತ್ತದೆ. ಚಾಲಕ ಸ್ಟೀರಿಂಗ್ ತಿರುಗಿಸಿದಾಗ ಬಾಕ್ಸಿನೊಳಗಿನ ಸಣ್ಣ ಟಾರ್ಷನ್ ಬಾರ್ ತಿರುಚಿಕೊಂಡು ವಾಲ್ವ್ ತೆರೆಯುತ್ತದೆ, ಆಯಿಲ್ ಪಿಸ್ಟನ್‌ನ ಒಂದು ಬದಿಗೆ ನುಗ್ಗುತ್ತದೆ. ಟೈರು, ಕಿಂಗ್ ಪಿನ್, ಲಿಂಕ್ ಎಷ್ಟು ಎದುರು ನಿಲ್ಲುತ್ತವೋ ಅಷ್ಟು ಒತ್ತಡ ಏರುತ್ತದೆ.

ಹೀಗಾಗಿ ಪ್ರೆಷರ್ ಲೈನಿಗೆ ಒಂದು ಗೇಜ್, ಅದರ ಮುಂದೆ ಒಂದು ಶಟ್ ಆಫ್ ವಾಲ್ವ್ ಜೋಡಿಸಿದರೆ ಬೇಕಾದಷ್ಟು ತಿಳಿಯುತ್ತದೆ. ಸ್ಟೀರಿಂಗ್ ಗಟ್ಟಿಯಾಗಿರುವಾಗಲೇ ಗೇಜ್ ಮುಳ್ಳು ಬಹಳ ಮೇಲೆ ಹೋಗಿದೆಯೇ? ಹಾಗಾದರೆ ಹೈಡ್ರಾಲಿಕ್ ತನ್ನ ಕೆಲಸ ಮಾಡುತ್ತಿದೆ, ದೋಷ ಕೆಳಗಿದೆ. ಪಂಪ್ ಮುಟ್ಟಬೇಡಿ. ಮುಳ್ಳು ಏಳುತ್ತಲೇ ಇಲ್ಲವೇ? ಆಗ ವಾಲ್ವ್ ಮುಚ್ಚಿ. ತಯಾರಕರು ಹೇಳಿದ ರಿಲೀಫ್ ಒತ್ತಡಕ್ಕೆ, ಹಲವು ಲಾರಿಗಳಲ್ಲಿ ಅದು 100 ಬಾರ್‌ಗೂ ಮೇಲಿರುತ್ತದೆ, ಮುಳ್ಳು ಮುಟ್ಟಿದರೆ ಪಂಪ್ ಸರಿಯಿದೆ, ಬಾಕ್ಸಿನೊಳಗೆ ಸೋರಿಕೆ. ಮುಟ್ಟದಿದ್ದರೆ ಪಂಪ್. ವಾಲ್ವನ್ನು 5 ಸೆಕೆಂಡಿಗಿಂತ ಹೆಚ್ಚು ಮುಚ್ಚಿಡಬಾರದು. ಹೋಗಲು ದಾರಿಯಿಲ್ಲದ ಆಯಿಲ್ ಬೇಗ ಬಿಸಿಯಾಗಿ ಪಂಪನ್ನು ತಿನ್ನುತ್ತದೆ. ಗೇಜಿಗೂ ಮಿತಿಯಿದೆ. ಬಾಕ್ಸಿನೊಳಗಿನ ವಾಲ್ವಿಗಿಂತ ಮೇಲಿನದು, ಅಂದರೆ ಚಾಲಕನ ಕಡೆಯದು, ಅದಕ್ಕೆ ಕಾಣುವುದಿಲ್ಲ. ಸ್ಟೀರಿಂಗ್ ಕಾಲಂನ ಯೂನಿವರ್ಸಲ್ ಜಾಯಿಂಟ್ ತುಕ್ಕು ಹಿಡಿದಿದ್ದರೆ ಚಾಲಕನ ಬಲ ಅಲ್ಲೇ ಖರ್ಚಾಗುತ್ತದೆ, ಗೇಜ್ ಸುಮ್ಮನಿರುತ್ತದೆ. ಐಡಲ್‌ನಲ್ಲಿ ಬೇಗ ಬೇಗ ತಿರುಗಿಸಿದಾಗ ಮಾತ್ರ ಗಟ್ಟಿ ಎನ್ನುವ ಲಾರಿಗೆ ಒತ್ತಡವನ್ನಲ್ಲ, ಹರಿವನ್ನೇ ಅಳೆಯಬೇಕು.

ಯಶವಂತಪುರ ಟ್ರಕ್ ಟರ್ಮಿನಲ್‌ನಲ್ಲಿ ನಾನು ಕಂಡ ಒಬ್ಬ ಮೇಸ್ತ್ರಿ ಇಷ್ಟಕ್ಕೂ ಮೊದಲೇ ಚಾಲಕನನ್ನು ಕೇಳುತ್ತಿದ್ದರು: 'ಏನಣ್ಣ, ತಿರುವಲ್ಲಿ ಕೈ ಸಡಿಲ ಬಿಟ್ರೆ ತಾನಾಗೇ ಸೀದಾ ಬರುತ್ತಾ?' ಬರುವುದಿಲ್ಲ ಎಂದರೆ ಅವರು ಪಂಪಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಮುಂದಿನ ಆಕ್ಸಲ್‌ಗೆ ಜಾಕ್ ಕೊಟ್ಟು, ಸ್ಟ್ಯಾಂಡ್ ಇಟ್ಟು, ಡ್ರ್ಯಾಗ್ ಲಿಂಕ್ ಕಳಚಿ, ಚಕ್ರವನ್ನು ಕೈಯಿಂದ ತಳ್ಳುತ್ತಿದ್ದರು. ಆರೋಗ್ಯವಾಗಿರುವ ಆಕ್ಸಲ್‌ನಲ್ಲಿ ಎರಡೂ ಚಕ್ರ ಒಬ್ಬನೇ ತಳ್ಳಿದರೂ ತಿರುಗುತ್ತವೆ. ಅವರು ಯಾವ ಪತ್ರಿಕೆಯಲ್ಲೂ ಬರೆದವರಲ್ಲ. ಈ ವಿಷಯದಲ್ಲಿ ನಾನು ಓದಿದ ಯಾವ ಕೈಪಿಡಿಗಿಂತಲೂ ಅವರ ಕ್ರಮ ಸರಿಯಾಗಿತ್ತು.

ಇನ್ನು ಎಫ್‌ಸಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟ್ ವಿಷಯ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 98ನೇ ನಿಯಮ ಸ್ಟೀರಿಂಗ್ ಚಕ್ರದಲ್ಲಿ 30 ಡಿಗ್ರಿಗಿಂತ ಹೆಚ್ಚು ಪ್ಲೇ, ಅಂದರೆ ಸಡಿಲ, ಇರಬಾರದು ಎನ್ನುತ್ತದೆ. ಎಂಟು ವರ್ಷ ದಾಟಿದ ಲಾರಿಗೆ ಪ್ರತಿ ವರ್ಷ ಈ ಪರೀಕ್ಷೆ. ಆ 30 ಡಿಗ್ರಿಯಲ್ಲಿ ಕಾಲಂ ಜಾಯಿಂಟ್‌ನ ಪಾಲಿದೆ, ಬಾಕ್ಸಿನ ಪಾಲಿದೆ, ಡ್ರಾಪ್ ಆರ್ಮ್, ಡ್ರ್ಯಾಗ್ ಲಿಂಕ್, ಟೈ ರಾಡ್ ಎಂಡ್, ಕಿಂಗ್ ಪಿನ್ ಬುಷ್ ಎಲ್ಲದರ ಪಾಲೂ ಇದೆ. ಪರೀಕ್ಷೆಗೆ ಬೇಕಾಗಿರುವುದು ಮೊತ್ತ ಮಾತ್ರ. ಆದ್ದರಿಂದ ಎಫ್‌ಸಿಯ ಹಿಂದಿನ ದಿನ ಅತಿ ಅಗ್ಗದ ದಾರಿ ಹಿಡಿಯುತ್ತೇವೆ: ಬಾಕ್ಸಿನ ಮೇಲಿರುವ ಅಡ್ಜಸ್ಟಿಂಗ್ ಸ್ಕ್ರೂ ಬಿಗಿ ಮಾಡುವುದು. ಸವೆದದ್ದು ಟೈ ರಾಡ್ ಎಂಡ್, ಬಿಗಿಯಾದದ್ದು ಬಾಕ್ಸ್. ಪ್ಲೇ ಕಡಿಮೆಯಾಯಿತು, ಸರ್ಟಿಫಿಕೇಟ್ ಸಿಕ್ಕಿತು. ಆದರೆ ಈಗ ಸೆಕ್ಟರ್ ಶಾಫ್ಟ್ ನಡುಭಾಗದಲ್ಲಿ ಹಿಡಿದುಕೊಳ್ಳುತ್ತದೆ. ಲಾರಿ ಹೆದ್ದಾರಿಯಲ್ಲಿ ಸೀದಾ ನಿಲ್ಲದೆ ಅತ್ತಿತ್ತ ಅಲೆಯುತ್ತದೆ. ಚಾಲಕ ತುಮಕೂರು ರಸ್ತೆಯುದ್ದಕ್ಕೂ ತಿದ್ದುತ್ತಾ ತಿದ್ದುತ್ತಾ ಹೋಗುತ್ತಾನೆ. ಇದು ನನಗೆ ಸಿಟ್ಟು ತರಿಸುವ ಸಂಗತಿ, ಏಕೆಂದರೆ ಸುರಕ್ಷತೆಗಾಗಿ ಬರೆದ ಸಂಖ್ಯೆಯೊಂದು ಇಲ್ಲಿ ಅಪಾಯಕ್ಕೆ ದಾರಿ ಮಾಡುತ್ತಿದೆ. ಅದೇ ನಿಯಮದಲ್ಲಿ ಇನ್ನೊಂದು ಮಾತಿದೆ. ಸ್ಟೀರಿಂಗ್ ಲಿಂಕಿನ ಬಾಲ್ ಜಾಯಿಂಟುಗಳಿಗೆಲ್ಲ ರಬ್ಬರ್ ಟೋಪಿ ಇರಬೇಕು. ಆ ಟೋಪಿ ಹರಿದರೆ ಗ್ರೀಸು ಹೋಗಿ ದೂಳು ಬರುತ್ತದೆ, ಸವೆತ ಶುರುವಾಗುತ್ತದೆ. ಈ ಮಾತನ್ನು ಬರೆದವರಿಗೆ ಲಾರಿ ಗೊತ್ತಿತ್ತು. ಎಫ್‌ಸಿ ದಿನ ಆ ಟೋಪಿಗಳನ್ನು ಬಗ್ಗಿ ನೋಡುವವರು ಎಷ್ಟು ಮಂದಿ?

ಈ ವಿಷಯದ ಸಂಶೋಧನಾ ಬರಹಗಳ ಸಮೀಕ್ಷೆಗೆ ನಾನು ಇಳಿಯುವುದಿಲ್ಲ. ಸ್ಟೀರಿಂಗಿನ ವೇನ್ ಪಂಪ್ ಸವೆತದ ಬಗ್ಗೆ ಅಧಿಕಾರದಿಂದ ಮಾತಾಡಬಲ್ಲವರು ಸುರತ್ಕಲ್‌ನಿಂದ ಬಂದು ಮೊದಲ ಸಾಲಿನಲ್ಲೇ ಕುಳಿತಿದ್ದಾರೆ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಿಂದ ಬಂದಿರುವ ತರುಣ ಎಂಜಿನಿಯರುಗಳು ವಿದ್ಯುತ್ ಸ್ಟೀರಿಂಗಿನ ಸೆನ್ಸರುಗಳ ಬಗ್ಗೆ ನಾಳೆ ಪ್ರಬಂಧ ಮಂಡಿಸುತ್ತಾರೆ. ಅವರಿಗೆ ಹೃತ್ಪೂರ್ವಕ ಸ್ವಾಗತ. ಒಂದು ಬಿನ್ನಹ ಮಾತ್ರ. ನಿಮ್ಮ ಕಚೇರಿ ಕಿಟಕಿಯಿಂದ ಕಾಣುವ ಲಾರಿಗಳು, ವೈಟ್‌ಫೀಲ್ಡ್ ಕಂಟೇನರ್ ಡಿಪೋಗೆ ಹೋಗುವವು, ಅತ್ತಿಬೆಲೆ ದಾಟಿ ಬರುವವು, ಅವುಗಳಲ್ಲಿ ಎಷ್ಟೋ ಲಾರಿಗಳಲ್ಲಿ ಸ್ಕ್ಯಾನರ್ ಚುಚ್ಚುವ ಜಾಗವೇ ಇಲ್ಲ. ನಿಮ್ಮ ಬುದ್ಧಿಯ ಒಂದು ಪಾಲು ಅವುಗಳಿಗೂ ಸಿಗಲಿ.

ಈಗ ನನ್ನನ್ನು ಬಿಡದ ಪ್ರಶ್ನೆಗೆ ಬರುತ್ತೇನೆ. ಬಿಸಿಯಾದಾಗ ಮಾತ್ರ ಗಟ್ಟಿಯಾಗುವ ಸ್ಟೀರಿಂಗ್. ಮಂಗಳೂರಿನಿಂದ ಲೋಡ್ ಹೊತ್ತ ಲಾರಿ ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತಿ ಸಕಲೇಶಪುರ ತಲುಪುವಾಗ ಚಾಲಕನಿಗೆ ಸ್ಟೀರಿಂಗ್ ತಿರುಗಿಸಲು ಮೈಯೆಲ್ಲ ಹಾಕಬೇಕು. ಬೆಂಗಳೂರಿಗೆ ಬಂದು, ರಾತ್ರಿಯೆಲ್ಲ ನಿಂತು, ಬೆಳಿಗ್ಗೆ ಗ್ಯಾರೇಜಿಗೆ ಬಂದಾಗ ಹೂವಿನಂತೆ ಹಗುರ. ಜ್ವರ ಇಳಿದ ಮೇಲೆ ವೈದ್ಯರ ಮುಂದೆ ಕುಳಿತ ರೋಗಿಯ ಹಾಗೆ. ಕಾರಣ ಅರ್ಧ ಗೊತ್ತು. ಬಿಸಿಗೆ ಆಯಿಲ್ ತೆಳುವಾಗುತ್ತದೆ, ಸವೆದ ಸಂದುಗಳಲ್ಲಿ ಸೋರಿಕೆ ಹೆಚ್ಚುತ್ತದೆ. ಆದರೆ ಹಳೆಯ ಲಾರಿಯಲ್ಲಿ ಪಂಪೂ ಸವೆದಿರುತ್ತದೆ, ಬಾಕ್ಸೂ ಸವೆದಿರುತ್ತದೆ. ಒಂದೊಂದನ್ನೇ ಪರೀಕ್ಷಿಸಿದರೆ ಎರಡೂ ಕಷ್ಟಪಟ್ಟು ಪಾಸಾಗುತ್ತವೆ, ಜೊತೆಗೂಡಿದಾಗ ಸೋಲುತ್ತವೆ. ಯಾವುದನ್ನು ಬದಲಿಸಬೇಕು? ಎರಡು ಲಾರಿ ಇಟ್ಟುಕೊಂಡು ಕಂತು ಕಟ್ಟುತ್ತಿರುವ ಮಾಲೀಕನಿಗೆ ಇದು ಸಣ್ಣ ಪ್ರಶ್ನೆಯಲ್ಲ.

ಅದಕ್ಕಿಂತ ಆಳದ ಪ್ರಶ್ನೆ ಇನ್ನೊಂದಿದೆ. ಆ ಪಂಪ್ ವಯಸ್ಸಾಗಿ ಸತ್ತಿತೋ, ದುಡಿಸಿ ದುಡಿಸಿ ಸಾಯಿಸಿದೆವೋ? ಕೊಳೆ ತಿಂದ ಪಂಪಿನ ಕ್ಯಾಮ್ ರಿಂಗಿನಲ್ಲಿ ಗೀರು ಕಾಣುತ್ತದೆ. ಆಯಿಲ್ ಕಡಿಮೆಯಾಗಿ ಗಾಳಿ ನುಂಗಿದ ಪಂಪಿನಲ್ಲಿ ಗುಳಿ ಬಿದ್ದಿರುತ್ತದೆ. ಕಚ್ಚಿಕೊಂಡ ಕಿಂಗ್ ಪಿನ್‌ನಿಂದಾಗಿ ವರ್ಷಗಟ್ಟಲೆ ಹೆಚ್ಚಿನ ಒತ್ತಡದಲ್ಲಿ ದುಡಿದ ಪಂಪಿನ ಗುರುತು ಯಾವುದು? ಸುರತ್ಕಲ್‌ನ ಮಿತ್ರರ ಜೊತೆ ನನ್ನ ವಾದ ಇದರ ಮೇಲೆಯೇ. ಅಂಥ ಗುರುತು ಇದ್ದೇ ಇದೆ ಎಂದು ನಾನು, ಬೇರೆ ಸವೆತಗಳಿಂದ ಅದನ್ನು ಬಿಡಿಸಿ ನೋಡಲಾಗದು ಎಂದು ಅವರು. ತೀರ್ಮಾನ ಆಗಿಲ್ಲ, ಏಕೆಂದರೆ ಬಿಚ್ಚಿದ ಪಂಪ್ ಅದೇ ಸಂಜೆ ಗುಜರಿಗೆ ಹೋಗುತ್ತದೆ.

ಇಂಥ ದುಡಿತಕ್ಕೆ ಉದಾಹರಣೆ ಬೇಕಿದ್ದರೆ ತುಮಕೂರು ರಸ್ತೆಯ ಪೀಣ್ಯ ಮೇಲ್ಸೇತುವೆ ನೆನಪು ಮಾಡಿಕೊಳ್ಳಿ. 2021ರ ಡಿಸೆಂಬರ್‌ನಲ್ಲಿ ಕೇಬಲ್ ದೋಷದಿಂದ ಅದು ಮುಚ್ಚಿತು. ಭಾರಿ ವಾಹನಗಳಿಗೆ ಮತ್ತೆ ತೆರೆದದ್ದು 2024ರ ಜುಲೈನಲ್ಲಿ. ಅಷ್ಟು ಕಾಲ ಲಾರಿಗಳು ಗೊರಗುಂಟೆಪಾಳ್ಯದ ಕಡೆ ಕೆಳಗಿನ ರಸ್ತೆಯಲ್ಲಿ ಇಂಚಿಂಚು ಸರಿದವು. ನಿಂತಲ್ಲೇ, ಐಡಲ್‌ನಲ್ಲಿ, ಪೂರ್ತಿ ಲೋಡಿನಲ್ಲಿ ಚಕ್ರ ತಿರುಗಿಸುವುದು ಸ್ಟೀರಿಂಗಿಗೆ ಅತಿ ಕಠಿಣ ಕೆಲಸ. ನಮ್ಮ ಮನೆಬಾಗಿಲಲ್ಲೇ ಎರಡೂವರೆ ವರ್ಷ ಒಂದು ಪ್ರಯೋಗ ನಡೆಯಿತು. ಯಾರ ಜಾಬ್ ಕಾರ್ಡಿನಲ್ಲೂ ಅದರ ದಾಖಲೆ ಇಲ್ಲ.

ಮೇಸ್ತ್ರಿಗಳಲ್ಲಿ ನನ್ನ ಪ್ರಾರ್ಥನೆ ಇಷ್ಟು. ಪಂಪ್ ಬದಲಿಸುವ ಪ್ರತಿ ಲಾರಿಯ ಕಾರ್ಡಿನಲ್ಲಿ ಮೂರು ಸಾಲು ಬರೆಯಿರಿ: ಬಿಸಿಯಲ್ಲಿ ಗೇಜ್ ಎಷ್ಟು ತೋರಿಸಿತು, ಸ್ಟೀರಿಂಗ್ ತಾನಾಗಿ ಸೀದಾ ಬಂತೇ, ಡ್ರ್ಯಾಗ್ ಲಿಂಕ್ ಕಳಚಿದಾಗ ಚಕ್ರ ಕೈಗೆ ತಿರುಗಿತೇ. ಹಳೆಯ ಪಂಪಿಗೆ ಲಾರಿಯ ನಂಬರ್ ಕಟ್ಟಿ ಇಟ್ಟುಕೊಳ್ಳಿ. ಅದರ ಗುಜರಿ ಬೆಲೆಯನ್ನು ನಿಮಗೆ ಕೊಟ್ಟು ಪಂಪನ್ನು ತರಿಸಿಕೊಳ್ಳಲು ಕಾಲೇಜುಗಳು ಮುಂದೆ ಬರಲಿ ಎಂದು ಪ್ರಾಂಶುಪಾಲರನ್ನೂ ಇಲ್ಲಿಂದಲೇ ಕೇಳುತ್ತೇನೆ.

ಹೊರಗೆ ಅಂಗಳದಲ್ಲಿ ಒಂದು ಹಳೆಯ ಲಾರಿ ನಿಂತಿದೆ. ಕಾರ್ಯಕ್ರಮ ಪಟ್ಟಿಯಲ್ಲಿ ಅದರ ಪ್ರಾತ್ಯಕ್ಷಿಕೆ ಮಧ್ಯಾಹ್ನಕ್ಕಿದೆ. ತಣ್ಣಗಿನ ಲಾರಿಯನ್ನು ಪರೀಕ್ಷಿಸಿ ಪ್ರಯೋಜನವಿಲ್ಲ. ಸಂಘಟಕರು ಒಪ್ಪಿದರೆ ಅದು ಲೋಡ್ ಸಮೇತ ಈಗಲೇ ದಾಬಸ್‌ಪೇಟೆಯವರೆಗೆ ಹೋಗಿ ಬರಲಿ, ವಿದ್ಯಾರ್ಥಿಗಳಿಬ್ಬರು ಜೊತೆಗೆ ಹೋಗಲಿ. ಅದು ಬಂದ ಕೂಡಲೇ ಗೇಜ್ ಜೋಡಿಸೋಣ. ಮೊದಲ ಗೋಷ್ಠಿಯ ಅಧ್ಯಕ್ಷರು ದಯವಿಟ್ಟು ವೇದಿಕೆಗೆ ಬರಬೇಕು.