ಜಾರುವ ಚಕ್ರಕ್ಕೊಂದು ಶಿಸ್ತು

ಪಂದ್ಯವೆಂದ ಮೇಲೆ ಮೊದಲು ಗುರಿ ಮುಟ್ಟಿದವನೇ ಗೆದ್ದವನು. ಕಾರು ಪಂದ್ಯಗಳಿಗೂ ಸಾಮಾನ್ಯವಾಗಿ ಇದೇ ನಿಯಮ. ಆದರೆ ಜಪಾನಿನಲ್ಲಿ ಬೆಳೆದ ಡ್ರಿಫ್ಟಿಂಗ್ ಎಂಬ ಕ್ರೀಡೆಯಲ್ಲಿ ಗಡಿಯಾರದ ಮಾತು ನಡೆಯುವುದಿಲ್ಲ. ನಾಟ್ಯಸ್ಪರ್ಧೆಯಲ್ಲಿ ಇರುವಂತೆ ಇಲ್ಲಿಯೂ ತೀರ್ಪುಗಾರರು ಕುಳಿತು ಅಂಕ ಕೊಡುತ್ತಾರೆ. ಕಾರು ಎಷ್ಟು ಓರೆಯಾಗಿ ಜಾರಿತು, ಗೊತ್ತುಪಡಿಸಿದ ಪಥದಲ್ಲೇ ಸಾಗಿತೇ, ವೇಗವೆಷ್ಟು, ಚಾಲನೆಯಲ್ಲಿ ಸೊಗಸಿತ್ತೇ ಎಂಬುವೇ ಅವರ ಅಳತೆಗೋಲುಗಳು.

ಚಾಲಕರೆಲ್ಲ ಅಂಜುವುದು ಗಾಡಿ ಜಾರುವುದಕ್ಕೆ. ಆ ತಪ್ಪನ್ನೇ ಪಳಗಿಸಿ ವಿದ್ಯೆ ಮಾಡಿದವರಲ್ಲಿ ಮೊದಲ ಹೆಸರು ಕುನಿಮಿತ್ಸು ತಕಹಾಶಿ ಅವರದು. ಮೂಲತಃ ಅವರು ಮೋಟಾರ್ ಸೈಕಲ್ ಸವಾರರು. 1961ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಗೆದ್ದು, ಮೋಟಾರ್ ಸೈಕಲ್ ಗ್ರ್ಯಾಂಡ್ ಪ್ರೀ ಗೆದ್ದ ಮೊದಲ ಜಪಾನೀಯ ಎನಿಸಿಕೊಂಡರು. ಮರುವರ್ಷ ಐಲ್ ಆಫ್ ಮ್ಯಾನ್‌ನಲ್ಲಿ ತೀವ್ರವಾಗಿ ಗಾಯಗೊಂಡರು. ಮುಂದೆ ಕಾರು ಪಂದ್ಯಗಳಿಗೆ ಬಂದ ಅವರು, ನಿಸಾನ್ ಸ್ಕೈಲೈನ್ ಕಾರಿನಲ್ಲಿ ತಿರುವಿಗೆ ರಭಸದಿಂದ ನುಗ್ಗಿ, ಓರೆಯಾಗಿ ಜಾರುತ್ತಲೇ ಹೊರಬರುತ್ತಿದ್ದರು. ಆ ಕಾಲದ ಟೈರುಗಳಿಗೆ ಹಿಡಿತ ಕಡಿಮೆ. ಜಾರುವುದು ಹೇಗೂ ತಪ್ಪದಿದ್ದಾಗ ಅದನ್ನು ಕೈವಶ ಮಾಡಿಕೊಳ್ಳುವುದೇ ಜಾಣತನವಾಗಿತ್ತು.

ಇದನ್ನು ಕಂಡು ಮರುಳಾದ ತರುಣರಲ್ಲಿ ಕೇಯಿಚಿ ತ್ಸುಚಿಯಾ ಒಬ್ಬರು. ಅವರ ಗರಡಿ ಬೆಟ್ಟದ ಘಾಟಿ ರಸ್ತೆ. 1987ರಲ್ಲಿ ಬಂದ ‘ಪ್ಲಸ್ಪಿ’ ಎಂಬ ವಿಡಿಯೊ ಅವರ ಚಾಲನೆಯನ್ನು ಎಲ್ಲೆಡೆ ಪರಿಚಯಿಸಿತು. ಅವರೊಡನೆ ಹೆಸರಾದದ್ದು ಟೊಯೊಟಾದ ಎಇ86 ಎಂಬ ಪುಟ್ಟ ಕಾರು. 1983ರಿಂದ 1987ರವರೆಗೆ ತಯಾರಾದ ಇದು ಹಗುರ. ಅದೇ ಪೀಳಿಗೆಯ ಇತರ ಕೊರೊಲ್ಲಾಗಳು ಮುಂಚಕ್ರ ಚಾಲನೆಗೆ ಹೊರಳಿದಾಗಲೂ ಹಿಂಚಕ್ರ ಚಾಲನೆಯನ್ನೇ ಉಳಿಸಿಕೊಂಡಿತ್ತು.

ಹಿಂಚಕ್ರಕ್ಕೇಕೆ ಇಷ್ಟು ಮಹತ್ವ? ಎಂಜಿನ್ನಿನ ಬಲ ಹಿಂದಿನ ಟೈರುಗಳ ಹಿಡಿತವನ್ನು ಮೀರಿದಾಗ ಗಾಡಿಯ ಹಿಂಭಾಗ ತಿರುವಿನ ಹೊರಗೆ ಸರಿಯುತ್ತದೆ. ಆಗ ಚಾಲಕ ಸ್ಟಿಯರಿಂಗನ್ನು ವಿರುದ್ಧ ದಿಕ್ಕಿಗೆ ತಿರುಗಿಸುತ್ತಾನೆ. ರಸ್ತೆ ಬಲಕ್ಕೆ ಹೊರಳುತ್ತಿದ್ದರೆ ಮುಂದಿನ ಚಕ್ರಗಳು ಎಡಕ್ಕೆ ನೋಡುತ್ತಿರುತ್ತವೆ! ಆಕ್ಸಿಲರೇಟರ್ ಕೊಂಚ ಹೆಚ್ಚಾದರೆ ಗಾಡಿ ಗಿರ್ರನೆ ಸುತ್ತುತ್ತದೆ. ಕೊಂಚ ಕಡಿಮೆಯಾದರೆ ಜಾರುವಿಕೆ ಸತ್ತುಹೋಗುತ್ತದೆ.

ಡ್ರಿಫ್ಟ್ ಕಾರನ್ನು ಸಜ್ಜುಗೊಳಿಸುವ ಕೆಲಸವೆಲ್ಲ ಈ ತೂಗುವಿಕೆಗಾಗಿಯೇ. ಸಾಮಾನ್ಯ ಡಿಫರೆನ್ಷಿಯಲ್ ಇದ್ದರೆ ಹಿಡಿತ ತಪ್ಪಿದ ಒಂದೇ ಚಕ್ರ ವ್ಯರ್ಥವಾಗಿ ಸುತ್ತೀತು. ಎರಡೂ ಕೂಡಿ ಎಳೆಯುವಂತೆ ಅದನ್ನು ಬದಲಿಸುತ್ತಾರೆ. ಮುಂಚಕ್ರಗಳು ಇನ್ನಷ್ಟು ಹೊರಳುವಂತೆ ಸ್ಟಿಯರಿಂಗಿನ ತೋಳುಗಳನ್ನು ಮಾರ್ಪಡಿಸುತ್ತಾರೆ. ಹಿಂಚಕ್ರಗಳನ್ನು ಥಟ್ಟನೆ ಹಿಡಿಯಲು ಹೈಡ್ರಾಲಿಕ್ ಕೈಬ್ರೇಕ್ ಅಳವಡಿಸುತ್ತಾರೆ. ಹಿಂದಿನ ಸೀಟು, ನೆಲಹಾಸು ಕಿತ್ತು ಭಾರ ಇಳಿಸುತ್ತಾರೆ; ಆ ಜಾಗಕ್ಕೆ ಚಾಲಕನ ಪ್ರಾಣ ಕಾಯುವ ಉಕ್ಕಿನ ಕೊಳವೆಗಳ ಪಂಜರ ಬರುತ್ತದೆ.

2001ರಲ್ಲಿ ಡಿ1 ಗ್ರ್ಯಾನ್ ಪ್ರೀ ಎಂದು ಹೆಸರಾದ ಪಂದ್ಯಸರಣಿಯನ್ನು ಕಟ್ಟಿದವರಲ್ಲಿ ತ್ಸುಚಿಯಾ ಕೂಡ ಒಬ್ಬರು. ಘಾಟಿಯಲ್ಲಿ ಕಲಿತವರೇ ಸರ್ಕ್ಯೂಟಿನಲ್ಲಿ ತೀರ್ಪುಗಾರರಾದರು. ಅಮೆರಿಕದ ಫಾರ್ಮುಲಾ ಡ್ರಿಫ್ಟ್ 2004ರಲ್ಲಿ ಆರಂಭವಾಯಿತು. 2017ರಲ್ಲಿ ಅಂತರರಾಷ್ಟ್ರೀಯ ಮೋಟಾರ್ ಒಕ್ಕೂಟವೇ ಟೋಕಿಯೊದಲ್ಲಿ ಡ್ರಿಫ್ಟಿಂಗ್ ಕಪ್ ನಡೆಸಿತು.

ಈ ಪಂದ್ಯಗಳ ಕೊನೆಯ ಸುತ್ತುಗಳಲ್ಲಿ ಎರಡು ಕಾರುಗಳು ಜೋಡಿಯಾಗಿ ಇಳಿಯುತ್ತವೆ. ಮುಂದಿನದು ಜಾರಿದಂತೆಯೇ ಹಿಂದಿನದು ಅದರ ಬಾಗಿಲಿಗೆ ತಾಗುವಷ್ಟು ಸನಿಹದಲ್ಲಿ ಜಾರಬೇಕು. ಮರುಸುತ್ತಿನಲ್ಲಿ ಸ್ಥಾನ ಅದಲುಬದಲು. ಒಬ್ಬನ ಎಡವಟ್ಟು ಇಬ್ಬರಿಗೂ ಅಪಾಯ. ಆದರೆ ಇಬ್ಬರೂ ಅದನ್ನು ಬಲ್ಲರು, ಬಲ್ಲವರಾಗಿಯೇ ಇಳಿದಿದ್ದಾರೆ. ಸರ್ಕ್ಯೂಟಿಗೂ ಘಾಟಿಗೂ ಇರುವ ಅಂತರ ಇಷ್ಟೇ. ಗಾಡಿ ಅದೇ, ವಿದ್ಯೆಯೂ ಅದೇ. ಆದರೆ ಘಾಟಿಯ ಕುರುಡು ತಿರುವಿನಲ್ಲಿ ಎದುರಿಗೆ ಬರುವವನು ಈ ಆಟಕ್ಕೆ ಒಪ್ಪಿಕೊಂಡವನಲ್ಲ.