ಹಾಜರಿ ಪುಸ್ತಕ

(ಮಹಿಳಾ ವೇದಿಕೆಯ 2025ರ ಯುಗಾದಿ ಸಂತೋಷಕೂಟದಲ್ಲಿ ಮಾಡಿದ ಭಾಷಣದ ಬರಹ ರೂಪ)

ಬೇವು ಬೆಲ್ಲ ತಿಂದು, ಹೋಳಿಗೆ ಊಟಕ್ಕೆ ಕಾಯುತ್ತಿರುವ ನಿಮ್ಮ ಮುಂದೆ ಭಾಷಣ ಮಾಡುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು. ಆದ್ದರಿಂದ ಹದಿನೈದೇ ನಿಮಿಷ. ಸಮಯಕ್ಕೆ ಸರಿಯಾಗಿ ಮುಗಿಸುವುದನ್ನು ನಾನು ಕಲಿತ ಜಾಗದ ಬಗ್ಗೆಯೇ ಇವತ್ತು ಮಾತಾಡುತ್ತೇನೆ.

ನಾನು ದಾವಣಗೆರೆಯವಳು. ಸುರತ್ಕಲ್‌ನಲ್ಲಿ ಎಂಟೆಕ್ ಮುಗಿಸಿ, ಮದುವೆಯಾಗಿ, 2013ರಲ್ಲಿ ಚೆನ್ನೈಗೆ ಬಂದೆ. ಕೆಲಸ ಅಂಬತ್ತೂರಿನ ಐಟಿ ಪಾರ್ಕಿನಲ್ಲಿ, ಮನೆ ಅಣ್ಣಾ ನಗರದಲ್ಲಿ. ಮೊದಲ ಎರಡು ವರ್ಷ ನನಗೆ ಈ ಊರಿನಲ್ಲಿ ಗೊತ್ತಿದ್ದವರು ಮೂರೇ ಜನ: ಗಂಡ, ಮನೆ ಓನರ್, ಹಾಲಿನವನು. ಸಂಜೆ ಟವರ್ ಪಾರ್ಕಿನಲ್ಲಿ ಒಬ್ಬಳೇ ಸುತ್ತು ಹಾಕುತ್ತಿದ್ದೆ. 1968ರ ವಿಶ್ವ ವಾಣಿಜ್ಯ ಮೇಳಕ್ಕಾಗಿ ಕಟ್ಟಿದ ಆ 135 ಅಡಿ ಎತ್ತರದ ಗೋಪುರಕ್ಕೆ ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿದೆ ಎಂದು ಒಂದು ದಿನ ಗೊತ್ತಾಯಿತು. ಅವತ್ತು ಊರಿನವರೊಬ್ಬರು ಸಿಕ್ಕಷ್ಟು ಖುಷಿಯಾಗಿತ್ತು. ಒಂಟಿತನ ಅಂದರೆ ಅಷ್ಟು, ನೋಡಿ. ಗೋಪುರವನ್ನೂ ನೆಂಟರ ಲೆಕ್ಕಕ್ಕೆ ಸೇರಿಸಿಕೊಂಡಿದ್ದೆ.

2015ರ ಡಿಸೆಂಬರ್ 1ನೇ ತಾರೀಖು ನಿಮಗೆಲ್ಲ ನೆನಪಿದೆ. ಆ ರಾತ್ರಿ ಮಳೆ, ನೆರೆ, ಕರೆಂಟ್ ಇಲ್ಲ, ಫೋನ್ ಇಲ್ಲ. ನಮ್ಮ ಬೀದಿಯಲ್ಲಿ ಮೊಣಕಾಲು ನೀರು. ಪಕ್ಕದ ಅಮಿಂಜಿಕರೈನಲ್ಲಿ ಕೂವಂ ನದಿಯ ದಂಡೆಯ ಮನೆಗಳಿಗೆಲ್ಲ ನೀರು ನುಗ್ಗಿತ್ತು. ಮರುದಿನ ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಪಾರ್ಕಿಂಗ್‌ನಲ್ಲಿ ಏಳೆಂಟು ಜನ ದೊಡ್ಡ ಪಾತ್ರೆ ಇಟ್ಟು ಅನ್ನ ಬೇಯಿಸುತ್ತಿದ್ದರು. ಯಾರೂ ಯಾರಿಗೂ ಆರ್ಡರ್ ಮಾಡುತ್ತಿರಲಿಲ್ಲ. ಒಬ್ಬರು ಗ್ಯಾಸ್ ಒಲೆ ತಂದಿದ್ದರು, ಒಬ್ಬರು ವ್ಯಾನ್ ತಂದಿದ್ದರು, ಒಬ್ಬ ಡಾಕ್ಟರ್ ಮಾತ್ರೆಗಳನ್ನು ಪೊಟ್ಟಣ ಕಟ್ಟುತ್ತಿದ್ದರು. ನಾನೂ ಹೋಗಿ ಪೊಟ್ಟಣ ಕಟ್ಟಿದೆ.

ನಾನು ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಮಾಡಿದವಳು. ಎಂಟು ಜನರ ಟೀಮಿಗೆ ಒಂದು ಕೆಲಸ ಒಪ್ಪಿಸಬೇಕಾದರೆ ಮೂರು ಮೀಟಿಂಗ್ ಬೇಕು. ಫೋನೇ ಇಲ್ಲದೆ ಇವರು ಇದನ್ನು ಹೇಗೆ ಮಾಡಿದರು? ಕೇಳಿದೆ. ನಮ್ಮ ರಸ್ತೆಯ ಮೂಲೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿದ್ದ ಹಿರಿಯರೊಬ್ಬರು ನಕ್ಕು ಹೇಳಿದರು, "ಅಮ್ಮಾ, ನಾವು ಪ್ರತಿ ಮಂಗಳವಾರ ಸೇರುತ್ತೇವೆ. ಯಾರ ಮನೆಯಲ್ಲಿ ಏನಿದೆ ಎಂದು ನಮಗೆ ಗೊತ್ತು." ಅದು ಅವರ ರೋಟರಿ ಕ್ಲಬ್. ಮರುವರ್ಷ ನಾನೂ ಸದಸ್ಯಳಾದೆ.

ರೋಟರಿ ಎಂದರೆ ಸೂಟು ಬೂಟು ಹಾಕಿದ ದೊಡ್ಡವರು, ಹೋಟೆಲಿನಲ್ಲಿ ಊಟ, ಪೇಪರಿನಲ್ಲಿ ಫೋಟೋ ಎಂದು ನಾನೂ ಅಂದುಕೊಂಡಿದ್ದೆ. ಹುಟ್ಟಿದ ಕಥೆ ಓದಿದ ಮೇಲೆ ಅಭಿಪ್ರಾಯ ಬದಲಾಯಿತು. ಪಾಲ್ ಹ್ಯಾರಿಸ್ ಎಂಬ ವಕೀಲ ಸಣ್ಣ ಊರಿನಲ್ಲಿ ಬೆಳೆದು ಷಿಕಾಗೋ ನಗರಕ್ಕೆ ಬಂದವನು. ಕಕ್ಷಿಗಾರರಿದ್ದರು, ಸ್ನೇಹಿತರಿರಲಿಲ್ಲ. 1905ರ ಫೆಬ್ರವರಿ 23ರಂದು ಒಬ್ಬ ಕಲ್ಲಿದ್ದಲು ವ್ಯಾಪಾರಿ, ಒಬ್ಬ ಗಣಿ ಎಂಜಿನಿಯರ್, ಒಬ್ಬ ದರ್ಜಿ ಅಂಗಡಿಯವನ ಜೊತೆ ಕೂತು ಮಾತಾಡಿದ. ಸರದಿಯಂತೆ ಒಬ್ಬೊಬ್ಬರ ಆಫೀಸಿನಲ್ಲಿ ಸೇರುತ್ತಿದ್ದರಿಂದ ರೋಟರಿ ಎಂಬ ಹೆಸರು. ಅವರು ಊರಿಗಾಗಿ ಮಾಡಿದ ಮೊದಲ ಕೆಲಸಗಳಲ್ಲಿ ಒಂದು ಷಿಕಾಗೋದಲ್ಲಿ ಸಾರ್ವಜನಿಕ ಶೌಚಾಲಯ ಕಟ್ಟಿಸಿದ್ದು. ಅಂದರೆ ಮೊದಲು ಸ್ನೇಹ, ಆಮೇಲೆ ಸೇವೆ. ನಮ್ಮ ಮದರಾಸಿಗೆ ರೋಟರಿ ಬಂದದ್ದು 1929ರಲ್ಲಿ.

ಹೆಂಗಸರ ವಿಷಯ ಹೇಳದೆ ಹೋದರೆ ನೀವು ಬಿಡುವುದಿಲ್ಲ. 80 ವರ್ಷಕ್ಕೂ ಹೆಚ್ಚು ಕಾಲ ರೋಟರಿಯಲ್ಲಿ ನಮಗೆ ಸದಸ್ಯತ್ವ ಇರಲಿಲ್ಲ. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಮಾರ್ಗರೆಟ್ ಗೋಲ್ಡಿಂಗ್ ಎಂಬ ನರ್ಸ್ 1924ರಲ್ಲಿ ರೋಟರಿ ಸದಸ್ಯರ ಮನೆಯ ಹೆಂಗಸರನ್ನು ಸೇರಿಸಿ ಇನ್ನರ್ ವ್ಹೀಲ್ ಕಟ್ಟಿದರು. ಅಮೆರಿಕದ ಡುವಾರ್ಟೆ ಎಂಬ ಊರಿನ ಕ್ಲಬ್ಬು ಮೂವರು ಹೆಂಗಸರನ್ನು ಸೇರಿಸಿಕೊಂಡದ್ದಕ್ಕೆ ಮಾನ್ಯತೆ ಕಳೆದುಕೊಂಡಿತು. ಅವರು ಕೋರ್ಟಿಗೆ ಹೋದರು. 1987ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್ ಹೆಂಗಸರ ಪರವಾಗಿ ತೀರ್ಪು ಕೊಟ್ಟಿತು. 1989ರಲ್ಲಿ ಇಡೀ ಜಗತ್ತಿನ ರೋಟರಿಯ ನಿಯಮ ಬದಲಾಯಿತು. 2022ರಲ್ಲಿ ಜೆನ್ನಿಫರ್ ಜೋನ್ಸ್ ಮೊದಲ ಮಹಿಳಾ ಅಧ್ಯಕ್ಷೆಯಾದರು. ನಾನು ಮಂಗಳವಾರ ಸಂಜೆ ಹೋಗಿ ಕುರ್ಚಿ ಎಳೆದು ಕೂರುವ ಹಿಂದೆ ಇಷ್ಟೆಲ್ಲ ನಡೆದಿದೆ.

ಈಗ ವಾರದ ಸಭೆ ಹೇಗಿರುತ್ತದೆ ಎಂದು ಹೇಳುತ್ತೇನೆ. ಏಳೂವರೆಗೆ ಗಂಟೆ ಬಾರಿಸುತ್ತಾರೆ. ಹುಟ್ಟುಹಬ್ಬ, ಮದುವೆ ದಿನ ಇದ್ದವರಿಗೆ ಚಪ್ಪಾಳೆ. ಕಾರ್ಯದರ್ಶಿ ಓದುವ ಪ್ರಕಟಣೆ. ಒಬ್ಬರ ಭಾಷಣ, ಇಪ್ಪತ್ತು ನಿಮಿಷ. ಒಂದು ವಾರ ಕಣ್ಣಿನ ಡಾಕ್ಟರ್, ಇನ್ನೊಂದು ವಾರ ಕೋಯಂಬೇಡು ಮಾರ್ಕೆಟ್ಟಿನ ಹೂವಿನ ವ್ಯಾಪಾರಿ. ತಡವಾಗಿ ಬಂದವರಿಗೆ ಹತ್ತು ರೂಪಾಯಿ ದಂಡ, ಅದು ಸೇವಾ ನಿಧಿಗೆ. ಎಂಟೂವರೆಗೆ ಮತ್ತೆ ಗಂಟೆ. ಮುಗಿಯಿತು. ಜೊತೆಗೆ ಹಾಜರಿ ಪುಸ್ತಕ. ಸತತ ನಾಲ್ಕು ಸಭೆ ತಪ್ಪಿಸಿದರೆ ಸದಸ್ಯತ್ವವೇ ಹೋಗಬಹುದು ಎಂಬುದು ಹಳೆಯ ನಿಯಮ. ನಮ್ಮ ಸಭೆ ತಪ್ಪಿದರೆ ಬೇರೆ ಊರಿನ ಕ್ಲಬ್ಬಿಗೆ ಹೋಗಿ ಹಾಜರಿ ತುಂಬಿಕೊಳ್ಳಬಹುದು. 2016ರಿಂದ ನಿಯಮ ಸಡಿಲವಾಗಿದೆ, ತಿಂಗಳಿಗೆ ಎರಡು ಸಭೆಯಾದರೂ ಸಾಕು. ನಮ್ಮ ಕ್ಲಬ್ಬಿನ ಹಿರಿಯರು ಮಾತ್ರ ವಾರವನ್ನು ಬಿಟ್ಟಿಲ್ಲ.

ನಿಜ ಹೇಳುತ್ತೇನೆ, ಈ ಹಾಜರಿ ನನಗೆ ಸಿಟ್ಟು ಬರಿಸುತ್ತಿತ್ತು. ನಾನೇನು ಹೈಸ್ಕೂಲ್ ಹುಡುಗಿಯೇ? ಒಮ್ಮೆ ಆಫೀಸಿನಲ್ಲಿ ರಿಲೀಸ್ ಇತ್ತು, ಮೂರು ಮಂಗಳವಾರ ಹೋಗಲಿಲ್ಲ. ಮೂರನೇ ವಾರದ ರಾತ್ರಿ ಆ ಹಾರ್ಡ್‌ವೇರ್ ಅಂಗಡಿಯ ಹಿರಿಯರ ಫೋನ್ ಬಂತು. ಬೈಗುಳ ಗ್ಯಾರಂಟಿ ಎಂದುಕೊಂಡು ಎತ್ತಿದೆ. "ಎನ್ನಮ್ಮಾ, ಉಡಂಬು ಸರಿಯಿಲ್ಲೈಯಾ?" ಎಂದರು. ಮೈ ಹುಷಾರಿಲ್ಲವೇ ಎಂದು ಕೇಳಿದರು ಅಷ್ಟೇ. ಕೆಲಸ ಎಂದೆ. "ಸರಿ, ಊಟ ಬಿಡಬೇಡ" ಎಂದು ಇಟ್ಟರು. ನಾನು ಲ್ಯಾಪ್‌ಟಾಪ್ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಅಪ್ಪ ತೀರಿಕೊಂಡ ಮೇಲೆ ನನಗೆ ಹಾಗೆ ಹೇಳಿದವರು ಯಾರೂ ಇರಲಿಲ್ಲ.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಹಾರ್ಟ್‌ಬೀಟ್ ಎಂಬುದೊಂದಿದೆ. ನೂರಾರು ಸರ್ವರ್‌ಗಳು ಒಟ್ಟಿಗೆ ಕೆಲಸ ಮಾಡುವಾಗ, ಪ್ರತಿಯೊಂದೂ ಕೆಲವು ಸೆಕೆಂಡಿಗೊಮ್ಮೆ "ನಾನಿದ್ದೇನೆ" ಎಂದು ಒಂದು ಸಣ್ಣ ಸಂದೇಶ ಕಳಿಸುತ್ತಿರಬೇಕು. ಅದರಲ್ಲಿ ಬೇರೇನೂ ವಿಷಯ ಇರುವುದಿಲ್ಲ. ಎರಡು ಮೂರು ಸಲ ಆ ಸಂದೇಶ ಬರದಿದ್ದರೆ, ಏನೋ ಆಗಿದೆ ಎಂದು ಅಲಾರಂ ಹೊಡೆಯುತ್ತದೆ. ಹಾಳಾದ ಸರ್ವರ್ ತಾನೇ ಬಂದು "ನಾನು ಹಾಳಾಗಿದ್ದೇನೆ" ಎಂದು ಹೇಳಲಾರದು. ಅದರ ಮೌನವನ್ನು ಬೇರೆಯವರು ಗಮನಿಸಬೇಕು. ಇದನ್ನು ನಾನು ವರ್ಷಗಟ್ಟಲೆ ಕಂಪ್ಯೂಟರಿಗೆ ಬರೆದುಕೊಟ್ಟಿದ್ದೆ. ಮನುಷ್ಯರಿಗೂ ಇದು ಬೇಕು ಎಂದು ಗೊತ್ತಾದದ್ದು ಆ ಫೋನಿನಿಂದ.

ಗೊತ್ತಾದ ಮೇಲೂ ನಾನು ನಮ್ಮವರ ವಿಷಯದಲ್ಲಿ ತಪ್ಪಿದೆ. ಅದನ್ನು ಹೇಳಲಿಕ್ಕೇ ಇವತ್ತು ಬಂದದ್ದು.

ಎರಡನೇ ಸಾಲಿನಲ್ಲಿ ಕೂತಿರುವ ನಮ್ಮ ಟೀಚರಮ್ಮ ನಿಮಗೆಲ್ಲ ಗೊತ್ತು. ಅವರ ಅನುಮತಿ ಪಡೆದೇ ಹೇಳುತ್ತಿದ್ದೇನೆ. ಹೋದ ವರ್ಷ ಜೂನ್ ಕೊನೆಯಲ್ಲಿ ಅವರು ಮನೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಮಗ ಇರುವುದು ಅಮೆರಿಕದಲ್ಲಿ. ಆಸ್ಪತ್ರೆಗೆ ಸೇರಿಸಿದವರು ಮನೆಕೆಲಸದಾಕೆ ಮತ್ತು ವಾಚ್‌ಮನ್. ಮಗ ಬಂದು ಮೂರು ವಾರ ಇದ್ದು ಹೋದ. ನಮಗೆ ಯಾರಿಗೂ ಗೊತ್ತಿಲ್ಲ. ಆಗಸ್ಟ್ 16ರ ವರಮಹಾಲಕ್ಷ್ಮಿಯ ಕುಂಕುಮಕ್ಕೆ ಕರೆಯಲು ಹೋದಾಗ ವಾಕರ್ ಹಿಡಿದು ಬಾಗಿಲು ತೆಗೆದರು. ಏಳು ವಾರವಾಗಿತ್ತು. ಅವರ ಮನೆ ನನ್ನ ಮನೆಯಿಂದ ಎರಡು ಬೀದಿ ಆಚೆ.

ಆ ಏಳು ವಾರ ನಮ್ಮ ವಾಟ್ಸಾಪ್ ಗ್ರೂಪ್ ಸುಮ್ಮನಿರಲಿಲ್ಲ. ಶುಭೋದಯ ಇತ್ತು, ಸೀರೆ ಪ್ರದರ್ಶನ ಇತ್ತು, ಉಪ್ಪಿನಕಾಯಿ ಬೇಕೇ ಎಂಬ ಪ್ರಶ್ನೆ ಇತ್ತು. ಟೀಚರಮ್ಮ ಉತ್ತರ ಕೊಟ್ಟಿಲ್ಲ ಎಂದು ಯಾರೂ ನೋಡಲಿಲ್ಲ. ನಾನೂ ನೋಡಲಿಲ್ಲ. ಗ್ರೂಪಿನಲ್ಲಿ ಮಾತಾಡುವವರು ಕಾಣುತ್ತಾರೆ, ಮಾತಾಡದವರು ಕಾಣುವುದಿಲ್ಲ.

ನಾನು ಕ್ಷಮೆ ಕೇಳಿದೆ. ಅವರು ಹೇಳಿದ್ದು ಇಷ್ಟು: "ನೀವು ಯಾರೂ ನೋಡಲಿಕ್ಕೆ ಬರಲಿಲ್ಲ ಅಂತ ಬೇಜಾರಿಲ್ಲ ಕಣಮ್ಮ. ನಾನಿಲ್ಲ ಅನ್ನೋದೇ ನಿಮಗೆ ಗೊತ್ತಾಗಲಿಲ್ಲವಲ್ಲ, ಅದು ಸ್ವಲ್ಪ ನೋವಾಯಿತು."

ಆ ರಾತ್ರಿ ನಿದ್ದೆ ಬರಲಿಲ್ಲ. ಮಂಗಳವಾರ ಮಂಗಳವಾರ ಹೋಗಿ ತಮಿಳು, ತೆಲುಗು, ಮಾರ್ವಾಡಿ ಸ್ನೇಹಿತರ ಹಾಜರಿ ನೋಡುವ ನಾನು ನನ್ನ ಭಾಷೆಯವರನ್ನು ನೋಡುತ್ತಿದ್ದದ್ದು ಯುಗಾದಿ, ವರಮಹಾಲಕ್ಷ್ಮಿ, ದಸರಾ, ರಾಜ್ಯೋತ್ಸವಕ್ಕೆ ಮಾತ್ರ. ವರ್ಷಕ್ಕೆ ನಾಲ್ಕು ಸಲ ರೇಷ್ಮೆ ಸೀರೆ ಉಟ್ಟುಕೊಂಡು ಭೇಟಿಯಾದರೆ ಹಬ್ಬವಾಗುತ್ತದೆ. ಪರಿಚಯ ಹಳೆಯದಾಗಬೇಕಾದರೆ ಮಾಮೂಲಿ ಬಟ್ಟೆಯಲ್ಲಿ, ಮಾಮೂಲಿ ದಿನದಲ್ಲಿ ನೋಡಬೇಕು.

ಇದು ನಮಗೆ ಹೊಸದೇನಲ್ಲ. ನಮ್ಮ ಊರುಗಳಲ್ಲಿ ವಾರದ ಸಂತೆ ಇತ್ತು, ಗುರುವಾರದ ಭಜನೆ ಇತ್ತು. ಸಂತೆಯಲ್ಲಿ ನಮ್ಮಜ್ಜಿ ತರಕಾರಿ ಕೊಂಡಷ್ಟೇ ಹೊತ್ತು "ಆ ಬಳೆಗಾರ್ತಿ ಯಾಕೆ ಬಂದಿಲ್ಲ" ಎಂದು ವಿಚಾರಿಸುತ್ತಿದ್ದರು. ಬೆಂಗಳೂರಿನಲ್ಲಿ ಡಿ.ವಿ.ಜಿ.ಯವರು 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದರು. ಅಲ್ಲಿ ಒಂದು ಗುಂಪು ತಪ್ಪದೆ ಸೇರಿ ಅವರ ಗೀತಾ ಪಾಠ ಕೇಳಿತು. ಆ ಪಾಠಗಳೇ ಮುಂದೆ 'ಜೀವನಧರ್ಮಯೋಗ'ವಾಗಿ, 1967ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವು. ನಿಯಮಿತವಾಗಿ ಸೇರುವುದರ ಬಲ ಅದು.

ಹಾಗೆ ಆಗಸ್ಟ್ 31ರ ಶನಿವಾರ ನಾವು ಐವರು ಟವರ್ ಪಾರ್ಕಿನಲ್ಲಿ ಸೇರಿದೆವು. ರೋಟರಿಯಿಂದ ಎರಡು ನಿಯಮ ತಂದೆ: ಐದಕ್ಕೆ ಶುರು, ಆರಕ್ಕೆ ಮುಕ್ತಾಯ, ಹಾಜರಿ ಕಡ್ಡಾಯ. ಮೂರನೆಯದನ್ನು ನಾವೇ ಮಾಡಿದೆವು: ತಿಂಡಿ ಇಲ್ಲ. ತಿಂಡಿ ಇದ್ದರೆ ಮಾಡುವವರಿಗೆ ಹೊರೆ, ಮುಂದಿನ ವಾರದವರಿಗೆ ಪೈಪೋಟಿ, ನಾಲ್ಕನೇ ವಾರಕ್ಕೆ ಸಭೆಯೇ ಇಲ್ಲ. ಈ ನಿಯಮವನ್ನು ಮುರಿದು ಡಬ್ಬಿಯಲ್ಲಿ ಕೋಡುಬಳೆ ತಂದವರು ಇಲ್ಲೇ ಕೂತಿದ್ದಾರೆ. ಅವರಿಗೆ ಹತ್ತು ರೂಪಾಯಿ ದಂಡ ಹಾಕಿ, ಕೋಡುಬಳೆಯನ್ನು ಜಪ್ತಿ ಮಾಡಿ ತಿಂದೆವು.

ಪ್ರತಿ ವಾರ ಒಬ್ಬರು ತಮಗೆ ಗೊತ್ತಿರುವುದನ್ನು ಹತ್ತು ನಿಮಿಷ ಹೇಳುತ್ತಾರೆ. ನಾನು ಒಟಿಪಿ ಮೋಸದ ಬಗ್ಗೆ ಹೇಳಿದೆ. ಬ್ಯಾಂಕಿನಲ್ಲಿದ್ದವರು ನಾಮಿನಿ ಹೆಸರು ಸೇರಿಸುವುದು ಹೇಗೆಂದು ಹೇಳಿದರು. ಅವತ್ತು ಮನೆಗೆ ಹೋಗಿ ಪಾಸ್‌ಬುಕ್ ತೆಗೆದು ನೋಡಿದವರಲ್ಲಿ ನಾಲ್ವರ ಖಾತೆಗೆ ನಾಮಿನಿಯೇ ಇರಲಿಲ್ಲ. ಹತ್ತು ವರ್ಷದಿಂದ ಇಲ್ಲಿದ್ದರೂ ತಮಿಳು ಓದಲು ಬಾರದವರಿಗೆ ಬಸ್ಸಿನ ಬೋರ್ಡ್ ಓದುವುದನ್ನು ಒಬ್ಬರು ಕಲಿಸುತ್ತಿದ್ದಾರೆ. ಮಕ್ಕಳಿಗೆ ಕನ್ನಡ ಅಕ್ಷರವನ್ನು ಟೀಚರಮ್ಮ ಕಲಿಸುತ್ತಾರೆ. ಅಕ್ಟೋಬರ್‌ನಿಂದ ಅವರು ಆಟೋದಲ್ಲಿ ಬರುತ್ತಿದ್ದಾರೆ. ಹಾಜರಿ ಪುಸ್ತಕ ಅವರ ಕೈಯಲ್ಲೇ ಇದೆ. ಮೂವತ್ತು ವರ್ಷ ಹಾಜರಿ ಕರೆದವರು, ಅವರಿಗಿಂತ ಬೇರೆ ಯಾರು ಬೇಕು?

ಎಲ್ಲ ಚೆನ್ನಾಗಿಯೇ ಇದೆ ಎಂದು ಹೇಳಲಾರೆ. ನಿನ್ನೆಯವರೆಗೆ 31 ಶನಿವಾರಗಳಲ್ಲಿ 29 ಸಭೆ ಆಗಿವೆ. ನವೆಂಬರ್ 30ರಂದು ಫೆಂಗಲ್ ಚಂಡಮಾರುತ, ಇನ್ನೊಮ್ಮೆ ದೀಪಾವಳಿ. ಪರೀಕ್ಷೆ ಬಂದಾಗ ಮೂರೇ ಜನ. ಒಂದು ಸಂಜೆ ನಾನು ಮತ್ತು ಟೀಚರಮ್ಮ ಇಬ್ಬರೇ. "ಇವತ್ತು ಬಿಡೋಣವೇ?" ಎಂದೆ. ಅವರು ಪುಸ್ತಕ ತೆರೆದು, ಹದಿನಾಲ್ಕು ಹೆಸರನ್ನೂ ಕರೆದರು. ನಾನು ಎದುರು ಕೂತು "ಹಾಜರ್" ಎಂದೆ. ಬಾರದ ಹನ್ನೆರಡು ಜನರಲ್ಲಿ ಹಿಂದಿನ ಎರಡು ವಾರವೂ ಬಾರದ ಒಬ್ಬರಿದ್ದರು. ಅಲ್ಲಿಂದಲೇ ಫೋನ್ ಮಾಡಿದೆವು. ಅವರಿಗೆ ಡೆಂಗಿ ಜ್ವರ, ಗಂಡ ಊರಲ್ಲಿರಲಿಲ್ಲ, ಎರಡು ಚಿಕ್ಕ ಮಕ್ಕಳು. ಅವತ್ತು ರಾತ್ರಿ ಆ ಮಕ್ಕಳು ನಮ್ಮ ಮನೆಯಲ್ಲಿ ಊಟ ಮಾಡಿ ಮಲಗಿದರು.

ಏಳು ವಾರ ಇದ್ದದ್ದು ಮೂರಕ್ಕೆ ಇಳಿಯಿತು. ಮೂರೂ ಹೆಚ್ಚೇ. ಅದನ್ನು ಒಂದಕ್ಕೆ ಇಳಿಸಬೇಕು.

ಆದ್ದರಿಂದ ವೇದಿಕೆಯವರಲ್ಲಿ ನನ್ನ ಬೇಡಿಕೆ ಒಂದೇ. ನಮಗೆ ಹಣ ಬೇಡ, ಬ್ಯಾನರ್ ಬೇಡ. ಮೊಗಪ್ಪೇರ್, ಶೆಣೈ ನಗರ, ತಿರುಮಂಗಲಂ, ಎಲ್ಲೆಲ್ಲಿ ನಮ್ಮ ಐದು ಮನೆಗಳಿವೆಯೋ ಅಲ್ಲಿ ಒಂದು ವಾರದ ಸಭೆ ಶುರುವಾಗಲಿ. ಒಂದು ಗಂಟೆ, ಒಂದು ನೋಟ್‌ಬುಕ್ಕು, ತಿಂಡಿ ಇಲ್ಲ. ಯಾರು ಬಂದರು ಎಂದು ಬರೆಯಿರಿ. ಯಾರು ಬರಲಿಲ್ಲ ಎಂದು ನೋಡಿ. ಅದೇ ರಾತ್ರಿ ಅವರಿಗೆ ಫೋನ್ ಮಾಡಿ. ಯಾಕೆ ಬರಲಿಲ್ಲ ಎಂದು ಕೇಳಬೇಡಿ, ಚೆನ್ನಾಗಿದ್ದೀರಾ ಎಂದು ಕೇಳಿ.

ನನ್ನ ಹದಿನೈದು ನಿಮಿಷ ಮುಗಿಯಿತು. ಟೀಚರಮ್ಮ ಗಡಿಯಾರ ನೋಡುತ್ತಿದ್ದಾರೆ, ಅವರ ಮಡಿಲಲ್ಲಿ ಪುಸ್ತಕ ಇದೆ. ಊಟಕ್ಕೆ ಹೋಗುವ ಮೊದಲು ಅದರಲ್ಲಿ ನಿಮ್ಮ ಹೆಸರು ಬರೆಸಿ ಹೋಗಿ.