ಮರಣಾನಂತರದ ಲೌಕಿಕ ಕರ್ತವ್ಯಗಳು
(ಶಾಖಾಮಠದ ಚಾತುರ್ಮಾಸ್ಯ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣ)

|| ಶ್ರೀ ಹರಿವಾಯುಗುರುಭ್ಯೋ ನಮಃ ||



ಮೃತರ ಸದ್ಗತಿಗಾಗಿ ಮಾಡಬೇಕಾದ ಕರ್ಮಗಳನ್ನು ತಿಳಿಸಲು ಆಚಾರ್ಯರಿದ್ದಾರೆ. ರೈಲ್ವೆಯಲ್ಲಿ ಇಂಜಿನಿಯರನಾಗಿದ್ದು ನಿವೃತ್ತನಾದ ನಾನು, ಉಳಿದವರ ಸಲುವಾಗಿ ಮಾಡಬೇಕಾದ ಲೌಕಿಕ ಕಾರ್ಯಗಳನ್ನಷ್ಟೇ ಅರಿಕೆ ಮಾಡಿಕೊಳ್ಳುತ್ತೇನೆ.

ಮನೆಯಲ್ಲಿ ಮರಣ ಸಂಭವಿಸಿದರೆ ಮೊದಲು ವೈದ್ಯರನ್ನು ಕರೆಸಿ ಮರಣಕಾರಣದ ಪತ್ರ ಪಡೆಯಬೇಕು. ಮುಂಬಯಿಯಂಥ ನಗರದಲ್ಲಿ ಅದನ್ನು ತೋರಿಸದೆ ದಹನಕ್ಕೆ ಅನುಮತಿ ದೊರೆಯದು. ಆಸ್ಪತ್ರೆಯಲ್ಲಾದರೆ ಅಲ್ಲಿಯವರೇ ಕೊಡುತ್ತಾರೆ. 1969ರ ಜನನ-ಮರಣ ನೋಂದಣಿ ಕಾಯಿದೆಯಂತೆ 21 ದಿನಗಳೊಳಗೆ ಮರಣವನ್ನು ನೋಂದಾಯಿಸಬೇಕು. ವೈಕುಂಠ ಸಮಾರಾಧನೆ ಮುಗಿಯುವುದು ಹದಿಮೂರನೆಯ ದಿನ; ಅನಂತರ ಉಳಿಯುವುದು ಎಂಟೇ ದಿನ. ಆದುದರಿಂದ ಕರ್ಮಕ್ಕೆ ಕುಳಿತವರನ್ನು ಬಿಟ್ಟು, ಬಂಧುಗಳಲ್ಲೊಬ್ಬರು ಈ ಹೊಣೆ ಹೊರುವುದು ಲೇಸು.

ನೋಂದಣಿಯ ಅರ್ಜಿಯಲ್ಲಿ ಹೆಸರನ್ನು ಬಹು ಜಾಗರೂಕತೆಯಿಂದ ಬರೆಯಬೇಕು. ನಮ್ಮ ಭಾವನವರು ಮೈಸೂರು ಸೀಮೆಯವರು. ಪಿಂಚಣಿ ಆದೇಶದಲ್ಲಿ ಊರಿನ ಮತ್ತು ತಂದೆಯ ಮೊದಲಕ್ಷರಗಳೊಡನೆ ಅವರ ಹೆಸರಿತ್ತು. ಬ್ಯಾಂಕಿನಲ್ಲಿ ಮುಂಬಯಿಯ ಪದ್ಧತಿಯಂತೆ ತಂದೆಯ ಹೆಸರು ನಡುವೆ ಸೇರಿತ್ತು. ಮರಣ ಪ್ರಮಾಣಪತ್ರದಲ್ಲಿ ಮೂರನೆಯದೇ ಒಂದು ರೂಪ ಬಂದಿತು. ಮೂವರೂ ಒಬ್ಬರೇ ಎಂದು ಸಾಧಿಸಲು ನಮ್ಮ ಅಕ್ಕ ಏಳು ತಿಂಗಳು ಕಚೇರಿಗಳ ಮೆಟ್ಟಿಲು ಹತ್ತಿಳಿಯಬೇಕಾಯಿತು. ಆ ಅರ್ಜಿಯನ್ನು ತುಂಬಿದವನು ನಾನೇ. ಮೂವತ್ತೆಂಟು ವರ್ಷ ಹಳಿಗಳ ಅಳತೆಯಲ್ಲಿ ಕೂದಲೆಳೆಯ ವ್ಯತ್ಯಾಸವನ್ನೂ ಸಹಿಸದ ನಾನು, ಮನೆಯ ಕಾಗದಗಳನ್ನು ಒಮ್ಮೆಯೂ ತಾಳೆ ನೋಡಿರಲಿಲ್ಲ.

ಪಿಂಚಣಿ ಬರುವ ಬ್ಯಾಂಕಿಗೆ ಕೂಡಲೇ ತಿಳಿಸಬೇಕು. ಮರಣಾನಂತರದ ಅವಧಿಗೆ ಜಮೆಯಾದ ಪಿಂಚಣಿಯನ್ನು ಹಿಂದಿರುಗಿಸಬೇಕಾಗುತ್ತದೆ. ಆದುದರಿಂದ ಮೃತರ ಎಟಿಎಂ ಕಾರ್ಡಿನಿಂದ ಹಣ ತೆಗೆಯಬೇಡಿ. ಪಿಂಚಣಿ ಆದೇಶದಲ್ಲಿ ಪತ್ನಿಯ ಹೆಸರಿದ್ದು, ಖಾತೆ ಇಬ್ಬರ ಹೆಸರಿನಲ್ಲಿದ್ದರೆ ಕುಟುಂಬ ಪಿಂಚಣಿಯ ಮಾರ್ಗ ಸುಗಮ. ಬ್ಯಾಂಕ್ ಠೇವಣಿಯ ನಾಮಿನಿ ಹಣವನ್ನು ಸ್ವೀಕರಿಸುವವರೇ ಹೊರತು ಅಷ್ಟರಿಂದಲೇ ಅದರ ಒಡೆಯರಾಗುವುದಿಲ್ಲ. ಅದು ಸೇರುವುದು ಉಯಿಲಿನಂತೆ, ಉಯಿಲಿಲ್ಲದಿದ್ದರೆ ವಾರಸುದಾರರಿಗೆ. ಉಯಿಲಿಗೆ ಇಬ್ಬರು ಸಾಕ್ಷಿಗಳ ಸಹಿ ಅವಶ್ಯ, ನೋಂದಣಿ ಕಡ್ಡಾಯವಲ್ಲ.

ಇಂಥ ಮಾತು ಅಮಂಗಳವೆಂದು ಕೆಲವರು ಭಾವಿಸಬಹುದು. ಪತಿಯನ್ನು ಕಳೆದುಕೊಂಡ ವೃದ್ಧೆ ಗುಮಾಸ್ತರ ಮುಂದೆ ಕೈಮುಗಿದು ನಿಲ್ಲುವುದು ಅದಕ್ಕಿಂತ ಅಮಂಗಳ. ಇಂದೇ ಮನೆಗೆ ಹೋಗಿ ಎಲ್ಲ ಕಾಗದಗಳ ಹೆಸರುಗಳನ್ನು ತಾಳೆ ನೋಡಿರಿ. ಯಾವುದು ಎಲ್ಲಿದೆಯೆಂದು ಒಂದು ಹಾಳೆಯಲ್ಲಿ ಬರೆದು ಮನೆಯವರಿಗೆ ತೋರಿಸಿರಿ. ದರ್ಭೆ-ತಿಲಗಳನ್ನು ಪುರೋಹಿತರು ತರುತ್ತಾರೆ. ಈ ಹಾಳೆಯನ್ನು ನಾವೇ ಬರೆದಿಟ್ಟು ಹೋಗಬೇಕು.

|| ಶ್ರೀಕೃಷ್ಣಾರ್ಪಣಮಸ್ತು ||